ಎರಡನೇ ಸಲದ ಕಜ್ಜಾಯ

ನನ್ನ ಹೆಂಡತಿ ಲೀಲಮ್ಮನಿಗೆ ಯಂತ್ರಗಳೆಂದರೆ ಅಷ್ಟಕ್ಕಷ್ಟೆ. ವಾಷಿಂಗ್ ಮಷೀನು ಒಗೆದುಕೊಟ್ಟ ಬಟ್ಟೆಯನ್ನು ಬಕೆಟ್ಟಿನಲ್ಲಿ ಇನ್ನೊಮ್ಮೆ ಜಾಲಿಸಿ ಒಣಹಾಕುವವಳು ಅವಳು. ಲಿಫ್ಟು ಹತ್ತಿದರೆ ಇಳಿಯುವ ತನಕ ಕಣ್ಣು ಮುಚ್ಚಿಕೊಂಡಿರುತ್ತಾಳೆ. ಅಂಥವಳು ನೋಯ್ಡಾದ ಚಿಕಿತ್ಸಾ ಕೇಂದ್ರವೊಂದರಲ್ಲಿ, ಎಲ್ಲರ ಎದುರಿಗೆ, ಒಂದು ರೋಬೋಟಿಗೆ ಕೈ ಮುಗಿದಳು. "ಮಂಗಳಾರತಿ ತಟ್ಟೆ ತರೋದು ಮರೆತೆಯೇನೇ" ಎಂದು ನಾನು ಗೇಲಿ ಮಾಡಿದೆ. ಅವಳು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಾಜಿನ ಆಚೆ ನಮ್ಮ ಮೊಮ್ಮಗಳು ಅದಿತಿ ನಡೆಯುತ್ತಿದ್ದಳು.

ನಡೆಯುತ್ತಿದ್ದಳು ಅನ್ನುವುದು ಲೀಲಮ್ಮನ ಮಾತು. ನಾನು, ಗೋಪಿನಾಥ, ದೆಹಲಿಯ ಸಚಿವಾಲಯವೊಂದರಲ್ಲಿ ಜೀವಮಾನವಿಡೀ ಕಡತಗಳ ಮೇಲೆ ಟಿಪ್ಪಣಿ ಬರೆದು ನಿವೃತ್ತನಾದವನು. ಕೆಲಸ ಮಾಡಿದ್ದು ಯಾರು, ಹೆಸರು ಬಂದಿದ್ದು ಯಾರಿಗೆ ಎನ್ನುವುದು ನನಗೆ ತಟ್ಟನೆ ತಿಳಿಯುತ್ತದೆ. ನನಗೆ ಕಂಡಿದ್ದು ಇಷ್ಟು: ಯಂತ್ರ ನಡೆಯುತ್ತಿತ್ತು, ಮಗು ಅದರೊಳಗಿತ್ತು.

ಅದಿತಿ ನನ್ನ ಮಗಳು ಶ್ರೀಲಕ್ಷ್ಮಿಯ ಮಗಳು. ಎರಡನೇ ಕ್ಲಾಸು. ಶ್ರೀಲಕ್ಷ್ಮಿ, ಅಳಿಯ ಪವನ್ ಇಬ್ಬರಿಗೂ ನೋಯ್ಡಾದ ಕಂಪನಿಗಳಲ್ಲಿ ಕೆಲಸ. ಮಯೂರ್ ವಿಹಾರದ ಸೊಸೈಟಿ ಫ್ಲ್ಯಾಟಿನಲ್ಲಿ ನಾವೆಲ್ಲ ಒಟ್ಟಿಗೇ ಇದ್ದೇವೆ. ಅಪ್ಪ ಅಮ್ಮ ಆಫೀಸಿಗೆ ಹೋದರೆ ಮಗು ನಮ್ಮದು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ ಬರುತ್ತದೆ. ನಾನು ಎಷ್ಟೋ ಸಲ ರೇಗಿದ್ದೇನೆ, ಅವಳು ಅಷ್ಟೇ ಸಲ "ಅಚ್ಛಾ ತಾತಾ" ಎಂದು ನಕ್ಕು ಓಡಿಹೋಗಿದ್ದಾಳೆ. ಓಡುವುದೇ ಅವಳ ಕೆಲಸವಾಗಿತ್ತು. ಕೆಳಗೆ ಪಾರ್ಕಿಂಗಿನಲ್ಲಿ ಸೀಮೆಸುಣ್ಣದ ಚೌಕ ಬರೆದು ಕುಂಟೆಬಿಲ್ಲೆ ಆಡುತ್ತಿದ್ದಳು. ಇಲ್ಲಿನ ಮಕ್ಕಳು ಅದನ್ನು ಸ್ಟಾಪು ಅನ್ನುತ್ತಾರೆ. ಒಂಟಿಕಾಲಿನಲ್ಲಿ ಅವಳಷ್ಟು ಹೊತ್ತು ನಿಲ್ಲುವವರು ನಮ್ಮ ಬ್ಲಾಕಿನಲ್ಲಿ ಇನ್ನೊಬ್ಬರಿರಲಿಲ್ಲ.

ಚಳಿಗಾಲದ ಒಂದು ಬೆಳಗ್ಗೆ ಮಂಜಿನಲ್ಲಿ ಅವಳ ಸ್ಕೂಲ್ ವ್ಯಾನು ರಸ್ತೆಯ ಡಿವೈಡರಿಗೆ ಹೊಡೆಯಿತು. ಉಳಿದ ಮಕ್ಕಳು ತರಚು ಗಾಯಗಳಲ್ಲಿ ಪಾರಾದರು. ಅದಿತಿಯ ಎಡತೊಡೆಯ ಮೂಳೆ, ಸೊಂಟದ ಹತ್ತಿರವೇ, ಮುರಿಯಿತು. ಆಪರೇಷನ್ ಮಾಡಿ ಒಳಗೆ ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಹಾಕಿದರು. ಆಮೇಲೆ ಹಾಸಿಗೆಯಲ್ಲೇ ಮಲಗಿಸಿದ್ದರು, ಚಳಿಗಾಲ ಮುಗಿಯುತ್ತಾ ಬರುವ ತನಕ. ಕಾಲುಗಳು ಸೊರಗಿ ಹೋದವು. ಲೀಲಮ್ಮ ದಿನವೂ ಬೆಚ್ಚಗಿನ ಬಟ್ಟೆಯಲ್ಲಿ ಅವುಗಳನ್ನು ಒರೆಸುವಾಗ ಮುಖ ಆಚೆ ತಿರುಗಿಸಿಕೊಳ್ಳುತ್ತಿದ್ದಳು.

ಮೂಳೆ ಕೂಡಿಕೊಳ್ಳುತ್ತಿದೆ, ಆದರೆ ಸದ್ಯಕ್ಕೆ ಎಡಗಾಲಿನ ಮೇಲೆ ಭಾರ ಬಿಡಲೇಬಾರದು ಎಂದರು ಡಾಕ್ಟರು. ಮಕ್ಕಳನ್ನು ಮತ್ತೆ ನಡೆಸುವುದಕ್ಕೆ ನೋಯ್ಡಾದಲ್ಲಿ ರೋಬೋಟ್ ಇದೆ, ಅಲ್ಲಿಗೆ ಕರೆದುಕೊಂಡು ಹೋಗಿ ಎಂದರು. ರೋಬೋಟ್ ಅಂದರೆ ನಾನು ತಲೆ, ಕಣ್ಣು, ಕೈ ಇರುವ ಏನೋ ಒಂದು ಅಂದುಕೊಂಡಿದ್ದೆ. ನೋಡಿದರೆ ಅದಕ್ಕೆ ಕಾಲುಗಳು ಮಾತ್ರ. ಮಗುವನ್ನು ಮೇಲಿನಿಂದ ಇಳಿಬಿಟ್ಟ ಪಟ್ಟಿಗಳಲ್ಲಿ ತೂಗುಹಾಕುತ್ತಾರೆ, ಭಾರವೆಲ್ಲ ಆ ಪಟ್ಟಿಗಳ ಮೇಲೆ. ಅವಳ ಎರಡು ಕಾಲಿಗೂ ಹೊರಗಡೆಯಿಂದ ಯಂತ್ರದ ಎರಡು ಕಾಲು ಕಟ್ಟುತ್ತಾರೆ. ಗುಂಡಿ ಒತ್ತಿದರೆ 'ಘುಂಯ್' ಅನ್ನುತ್ತದೆ, 'ಟಕ್' ಅನ್ನುತ್ತದೆ, ಯಂತ್ರದ ಕಾಲು ಮುಂದೆ ಹೋಗುತ್ತದೆ, ಜೊತೆಗೆ ಮಗುವಿನ ಕಾಲೂ. ಎದುರಿಗಿನ ಪರದೆಯಲ್ಲಿ ಒಂದು ಮೊಲ ಕ್ಯಾರೆಟ್ ಹೆಕ್ಕುತ್ತಾ ಓಡುತ್ತದೆ. ಪ್ರತಿ ಹೆಜ್ಜೆಗೂ "ಶಾಬಾಶ್!" ಎಂದು ಒಂದು ಹೆಣ್ಣುದನಿ ಕೂಗುತ್ತದೆ.

ಅದಿತಿ ಆ ದಿನ ಕಿಲಕಿಲ ನಕ್ಕಳು. ಅಪಘಾತದ ನಂತರ ಆ ನಗು ನಾವು ಕೇಳಿರಲೇ ಇಲ್ಲ. ಗಾಜಿಗೆ ಮೂಗು ಒತ್ತಿ ನಿಂತಿದ್ದ ಲೀಲಮ್ಮ ಅದಕ್ಕೇ ಕೈ ಮುಗಿದದ್ದು. ನಿಜ ಹೇಳಬೇಕೆಂದರೆ ನನಗೂ ಕೈ ಮುಗಿಯಬೇಕು ಅನ್ನಿಸಿತ್ತು, ಅದಕ್ಕೇ ಗೇಲಿ ಮಾಡಿದ್ದು.

ಯಂತ್ರ ನಡೆಸುವ ಸಂದೀಪ್ ಎಂಬ ಫಿಸಿಯೋಥೆರಪಿಸ್ಟ್ ಹುಡುಗ ಹೊರಗೆ ಬಂದು ನನಗೆ ಸ್ಪಷ್ಟವಾಗಿಯೇ ಹೇಳಿದ. "ಅಂಕಲ್ ಜೀ, ಅಭೀ ಸಾರಾ ಕಾಮ್ ಮಷೀನ್ ಕರ್ ರಹೀ ಹೈ." ಈಗ ಎಲ್ಲ ಕೆಲಸ ಯಂತ್ರದ್ದೇ, ಮಗುವಿನ ಸ್ನಾಯು ಇನ್ನೂ ಮಲಗಿದೆ, ಅದು ಎದ್ದಂತೆ ತಾನು ಯಂತ್ರದ ಸಹಾಯ ಸ್ವಲ್ಪಸ್ವಲ್ಪವೇ ಕಡಿಮೆ ಮಾಡುತ್ತಾ ಹೋಗುತ್ತೇನೆ ಎಂದ. ಮನೆಯಲ್ಲಿ ಮಾತ್ರ ಅವಳನ್ನು ಎದ್ದು ನಿಲ್ಲಲು ಬಿಡಬೇಡಿ ಎಂದ. ನಾನು ತಲೆಯಾಡಿಸಿದೆ.

ಮನೆಗೆ ಬರುವಾಗ ಕ್ಯಾಬಿನಲ್ಲಿ ಇದನ್ನೆಲ್ಲ ಲೀಲಮ್ಮನಿಗೆ ಹೇಳಿದೆ. ಅದಿತಿ ನಮ್ಮಿಬ್ಬರ ತೊಡೆಯ ಮೇಲೆ ಕಾಲು ಚಾಚಿ ನಿದ್ದೆ ಹೋಗಿದ್ದಳು.

"ಅವಳಿಗೆ ವರ್ಷ ತುಂಬಿದಾಗ ಮೊದಲ್ನೇ ಹೆಜ್ಜೆ ಹೇಗಿಟ್ಟಳು, ಜ್ಞಾಪಕ ಇದೆಯಾ?" ಎಂದಳು ಲೀಲಮ್ಮ.

"ನಾನು ಎರಡೂ ಕೈ ಹಿಡ್ಕೊಂಡಿದ್ದೆ."

"ಮತ್ತೆ? ನೀವು ಹಿಡ್ಕೊಂಡಿದ್ರಿ ಅಂತ ಅದು ಹೆಜ್ಜೆ ಅಲ್ಲ ಅಂದ್ವಾ? ಅವತ್ತು ಕಜ್ಜಾಯ ಹಂಚಲಿಲ್ವಾ?"

ನಮ್ಮ ಮನೆಗಳಲ್ಲಿ ಮಗು ಬೋರಲು ಬಿದ್ದರೆ ಒಂದು ತಿಂಡಿ, ಹೊಸ್ತಿಲು ದಾಟಿದರೆ ಒಂದು ತಿಂಡಿ, ಮೊದಲ ಹೆಜ್ಜೆ ಇಟ್ಟರೆ ಹೆಜ್ಜೆ ಕಜ್ಜಾಯ. ಮಾಡಿ ನೆರೆಹೊರೆಗೆ ಹಂಚಬೇಕು. ತಿಂದವರು ಮನೆಗೆ ಬಂದು, ಮಗುವಿನ ನಡಿಗೆ ನೋಡಿ, ಹರಸಿ ಹೋಗಬೇಕು. ಅಷ್ಟಾದರೆ ಹೆಜ್ಜೆ ಗಟ್ಟಿಯಾಯಿತು ಎಂದು ನಮ್ಮಮ್ಮನ ಕಾಲದಿಂದ ನಡೆದುಬಂದಿದೆ. ಅದಿತಿಗೆ ಇದು ಎರಡನೇ ಸಲದ ಮೊದಲ ಹೆಜ್ಜೆ ಎನ್ನುವುದು ಲೀಲಮ್ಮನ ವಾದ. ಎರಡನೇ ಸಲಕ್ಕೆ ಶಾಸ್ತ್ರವಿದೆಯೇ ಎಂದು ಕೇಳಿದೆ. "ಎರಡನೇ ಸಲ ಯಾವ ಮಗೂಗೆ ಬಂದಿತ್ತು ಹೇಳಿ, ಶಾಸ್ತ್ರ ಇರೋದಕ್ಕೆ" ಎಂದಳು.

ಮರುದಿನ ಅಕ್ಕಿ ನೆನೆಹಾಕಿದಳು. ದೆಹಲಿಯ ಬೆಲ್ಲದಲ್ಲಿ ಪಾಕ ಹದಕ್ಕೆ ಬರುವುದಿಲ್ಲ, ಕರೋಲ್ ಬಾಗಿನಲ್ಲಿ ದಕ್ಷಿಣದ ಸಾಮಾನು ಮಾರುವ ಅಂಗಡಿಯಿಂದಲೇ ಬೆಲ್ಲ ಬರಬೇಕು ಎಂದು ಹಠ ಹಿಡಿದಳು. ನಾನು ಬೈದುಕೊಂಡೇ ಮೆಟ್ರೋ ಹತ್ತಿದೆ. ಆ ಜನಜಂಗುಳಿಯಲ್ಲಿ ಸೈಕಲ್ ರಿಕ್ಷಾದವನೊಬ್ಬನ ಹತ್ತಿರ ಜಗಳವಾಡಿ, ಬೆಲ್ಲ ಹೊತ್ತುಕೊಂಡು ಬಂದೆ. ಬೈದುಕೊಂಡೆ ಎಂದೆನಲ್ಲ, ಅದು ಮೇಲುಮೇಲಿನ ಮಾತು. ಮೆಟ್ರೋದಲ್ಲಿ ಕೂತು ನಾನು ಸಂತೋಷವಾಗಿದ್ದೆ. ಮೂರು ತಿಂಗಳು ಔಷಧಿಯ ವಾಸನೆ ಹಿಡಿದಿದ್ದ ಮನೆಯಲ್ಲಿ ಎಣ್ಣೆ, ಬೆಲ್ಲ, ಏಲಕ್ಕಿಯ ವಾಸನೆ ಬರುತ್ತದೆ ಎಂದುಕೊಂಡೇ ನನಗೆ ಬಾಯಲ್ಲಿ ನೀರೂರಿತು.

ಕಜ್ಜಾಯ ಕರಿಯುವ ದಿನ ಅದಿತಿಯನ್ನು ಸೋಫಾದ ಮೇಲೆ ದಿಂಬು ಒರಗಿಸಿ ಕೂರಿಸಿದ್ದೆವು. ಮೊದಲ ಕಜ್ಜಾಯವನ್ನು ಲೀಲಮ್ಮ ಅವಳ ಎಡಪಾದಕ್ಕೆ ಮುಟ್ಟಿಸಿ ದೇವರ ಮುಂದಿಟ್ಟಳು.

"ಅಜ್ಜಿ, ಯೇ ಮೇರೇ ಲಿಯೇ ಹೈ?"

"ನಿನಗೇ ಪುಟ್ಟಾ. ನೀನು ಹೆಜ್ಜೆ ಇಟ್ಟೆಯಲ್ಲ, ಅದಕ್ಕೆ."

ಮಗು ತನ್ನ ಕಾಲನ್ನು ನೋಡಿಕೊಂಡಿತು. ಅದು ಹೆಮ್ಮೆಯಾ, ಅನುಮಾನವಾ ನನಗೆ ಆಗ ಗೊತ್ತಾಗಲಿಲ್ಲ. ಆಮೇಲೆ ಲೀಲಮ್ಮ ಕಣ್ಣು ಮುಚ್ಚಿ ಲಿಫ್ಟಿನಲ್ಲಿ ಇಳಿದು ಹತ್ತಿ, ಬ್ಲಾಕಿನ ಮನೆಮನೆಗೂ ತಟ್ಟೆ ಕೊಟ್ಟು ಬಂದಳು. "ಹಮಾರೀ ಅದಿತಿ ಚಲನೇ ಲಗೀ" ಎಂದು, ಅದಿತಿ ನಡೆಯತೊಡಗಿದಳೆಂದು, ತನಗೆ ಬರುವ ಹಿಂದಿಯಲ್ಲಿ ಎಲ್ಲರಿಗೂ ಹೇಳಿದಳು. ಬಂದು ನೋಡಿ ಹರಸಿ ಎಂದಳೋ ಇಲ್ಲವೋ ಗೊತ್ತಿಲ್ಲ. ಅನ್ನಬೇಕಾಗಿಯೇ ಇರಲಿಲ್ಲ. ಈ ಕಡೆಯವರು ಕೊಟ್ಟ ತಟ್ಟೆಯನ್ನು ಖಾಲಿ ಹಿಂತಿರುಗಿಸುವವರಲ್ಲ.

ಸಂಜೆ ಎದುರು ಮನೆಯ ಬಾತ್ರಾ ಆಂಟಿ ತಟ್ಟೆಯ ತುಂಬ ಕ್ಯಾರೆಟ್ ಹಲ್ವಾ ಹಾಕಿಕೊಂಡು ಬಂದರು. ಹಿಂದೆಯೇ ಅದಿತಿಯ ಜೊತೆ ಸ್ಟಾಪು ಆಡುತ್ತಿದ್ದ ಮಕ್ಕಳ ದಂಡು. ಶ್ರೀಲಕ್ಷ್ಮಿ, ಪವನ್ ಇನ್ನೂ ಆಫೀಸಿನಿಂದ ಬಂದಿರಲಿಲ್ಲ. ಲೀಲಮ್ಮ ಕಾಫಿಗೆ ನೀರಿಡಲು ಅಡುಗೆಮನೆಗೆ ಹೋದಳು, ನಾನು ಕುರ್ಚಿ ತರಲು ಒಳಕೋಣೆಗೆ ಹೋದೆ. ಬಾತ್ರಾ ಆಂಟಿಯದು ದೊಡ್ಡ ಗಂಟಲು, ದೊಡ್ಡ ಮನಸ್ಸು. ಅವರ ಮಾತು ನನಗೆ ಒಳಗೇ ಕೇಳಿಸಿತು. "ಚಲೋ ಬೇಟಾ, ಚಲ್ ಕೇ ದಿಖಾಓ!" ಮಕ್ಕಳೂ ಚಪ್ಪಾಳೆ ತಟ್ಟಿ, ನಡೆದು ತೋರಿಸು ಎಂದು ಅದನ್ನೇ ಕೂಗಿದರು.

ನಾನು ಕುರ್ಚಿ ಎತ್ತಿಕೊಂಡು ಬಾಗಿಲಿಗೆ ಬರುವಷ್ಟರಲ್ಲಿ ಅದಿತಿ ಎದ್ದು ನಿಂತಿದ್ದಳು.

ಆ ಚಿತ್ರ ನನ್ನ ಕಣ್ಣಿನಿಂದ ಹೋಗುವುದಿಲ್ಲ. ಸೋಫಾದ ಕೈ ಬಿಟ್ಟು ಅವಳು ನೆಟ್ಟಗೆ ನಿಂತಿದ್ದಳು. ತಲೆ ಬಗ್ಗಿಸಿ ಎಡಗಾಲನ್ನೇ ನೋಡುತ್ತಿದ್ದಳು. ಬಾಯಲ್ಲಿ ಮೆಲ್ಲಗೆ 'ಘುಂಯ್' ಅಂದಳು. ಕಾಲು ಕದಲಲಿಲ್ಲ. ಮತ್ತೆ 'ಘುಂಯ್' ಅಂದು ಸುಮ್ಮನೆ ಕಾದಳು. ಅದು ತಾನಾಗಿ ಎದ್ದು ಮುಂದೆ ಹೋಗುತ್ತದೆ ಎಂದು ಅವಳು ನಂಬಿದ್ದಳು. ಕಜ್ಜಾಯವನ್ನೇ ಹಂಚಿದ್ದಾರೆ ಎಂದ ಮೇಲೆ ಕಾಲಿಗೆ ನಡೆಯುವುದು ಬಂದಿರಲೇಬೇಕು ಎಂದು ಆ ಮಗು ಅಂದುಕೊಂಡಿತ್ತು. ನಾನು ಕೂಗಿದೆ. ಕೂಗಿದ್ದಕ್ಕೇ ಗಾಬರಿಯಾಯಿತೋ, ಚಪ್ಪಾಳೆಗೆ ನಾಚಿಕೆಯಾಯಿತೋ, ಕಾಲು ಬರದಿದ್ದರೆ ತಾನೇ ಹೋಗುತ್ತೇನೆ ಎಂಬಂತೆ ಇಡೀ ಮೈಯನ್ನು ಮುಂದೆ ಹಾಕಿದಳು. ನನ್ನ ಕೈಯಲ್ಲಿ ಕುರ್ಚಿಯಿತ್ತು, ನಡುವೆ ಮಕ್ಕಳಿದ್ದರು. ಎಡಗಾಲು ಅವಳ ಕೆಳಗೇ ಮಡಿಚಿಕೊಂಡಿತು. ಅಡುಗೆಮನೆಯಿಂದ ಓಡಿಬಂದ ಲೀಲಮ್ಮನ ಕೈಯಲ್ಲಿ ಕಾಫಿಪುಡಿಯ ಚಮಚ ಹಾಗೇ ಇತ್ತು.

ಆಸ್ಪತ್ರೆಯಲ್ಲಿ ಎರಡನೇ ಆಪರೇಷನ್ ಆಯಿತು. ಉಕ್ಕಿನ ಪಟ್ಟಿ ಬಾಗಿ, ಕೂಡುತ್ತಿದ್ದ ಮೂಳೆ ಮತ್ತೆ ಬಿಟ್ಟುಕೊಂಡಿತ್ತು. ಈ ಸಲ ಪೆಟ್ಟು ಮೂಳೆ ಬೆಳೆಯುವ ಜಾಗಕ್ಕೇ ಬಿದ್ದಿದೆ ಎಂದರು ಡಾಕ್ಟರು. ಮಗು ಬೆಳೆದಂತೆ ಈ ಕಾಲು ಇನ್ನೊಂದರಷ್ಟು ಬೆಳೆಯುವುದಿಲ್ಲ. ನಡೆದಾಳು, ಆದರೆ ಕುಂಟು ಉಳಿಯುತ್ತದೆ. ಇಷ್ಟನ್ನು ಅವರು ಹವಾಮಾನ ಹೇಳಿದ ಹಾಗೆ ಹೇಳಿ ಮುಂದಿನ ಮಂಚಕ್ಕೆ ಹೋದರು. ನನಗೆ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ಬಾತ್ರಾ ಆಂಟಿ ದಿನವೂ ಆಸ್ಪತ್ರೆಗೆ ಬಂದು ಅಳುತ್ತಿದ್ದರು, ಅವರ ಮೇಲೆ ಹೇಗೆ ರೇಗುವುದು? ಆ ಮೊಲದ ಮೇಲೆ, "ಶಾಬಾಶ್" ಎನ್ನುವ ಆ ಹೆಣ್ಣುದನಿಯ ಮೇಲೆ ರೇಗಿದೆ. ಕೊನೆಗೆ ಆಸ್ಪತ್ರೆಯ ಲಿಫ್ಟಿನ ಬಾಗಿಲು ಕಾಯುವವನ ಮೇಲೆ ಹಾರಾಡಿ, ಜನ ಸೇರಿಸಿ, ಅಳಿಯನ ಕೈಲಿ ಸಮಾಧಾನ ಮಾಡಿಸಿಕೊಂಡೆ.

ಶ್ರೀಲಕ್ಷ್ಮಿ ತನ್ನ ತಾಯಿಯನ್ನು ಒಂದೇ ಮಾತು ಕೇಳಿದಳು. "ಯಾಕಮ್ಮಾ? ಸ್ವಲ್ಪ ಕಾಯೋಕೆ ಆಗ್ತಿರಲಿಲ್ವಾ?" ಮಗಳು ಮತ್ತೆ ಆ ವಿಷಯ ಎತ್ತಲಿಲ್ಲ. ಎತ್ತಿ ಜಗಳವಾಡಿದ್ದರೆ ಒಳ್ಳೆಯದಿತ್ತು ಅನ್ನಿಸುತ್ತದೆ ನನಗೆ. ಬೈಸಿಕೊಂಡವರಿಗೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತದೆ.

ಆ ಪ್ರಶ್ನೆಗಿಂತ ಹೆಚ್ಚಾಗಿ ಚುಚ್ಚಿದ್ದು ಅದಿತಿಯ ಮಾತು. ಆಪರೇಷನ್ನಿನ ಮಂಪರು ಪೂರ್ತಿ ಇಳಿದ ದಿನ ಅವಳು ಲೀಲಮ್ಮನ ಸೆರಗು ಹಿಡಿದು ಎಳೆದಳು.

"ಅಜ್ಜಿ, ಸಬ್ ಸೇ ಕಜ್ಜಾಯ ವಾಪಸ್ ಲೇ ಆಓ."

"ಎಲ್ಲರ ಹತ್ರ ವಾಪಸ್ ತರಬೇಕಾ? ಯಾಕೆ ಕಂದಾ?"

"ಮೈಂ ಚಲೀ ತೋ ನಹೀಂ."

ತಾನು ನಡೆಯಲೇ ಇಲ್ಲವಲ್ಲ ಎನ್ನುತ್ತಿದ್ದಳು. ನಡೆಯದವಳ ಕಜ್ಜಾಯ ಜನರ ಮನೆಯಲ್ಲಿ ಇರಬಹುದೇ?

"ಅವರೆಲ್ಲ ತಿಂದುಬಿಟ್ಟಿದಾರೆ ಪುಟ್ಟಾ" ಎಂದಳು ಲೀಲಮ್ಮ.

ಅದಿತಿ ಸೆರಗನ್ನು ಇನ್ನೂ ಬಿಗಿಯಾಗಿ ಹಿಡಿದಳು. "ಖಾ ಲಿಯಾ? ತೋ ಅಬ್ ಕ್ಯಾ ಕರೇಂ, ಅಜ್ಜಿ?"

ಲೀಲಮ್ಮ ಅವಳ ಹಣೆಯ ಮೇಲೆ ಕೈಯಿಟ್ಟುಕೊಂಡು ಕೂತೇ ಇದ್ದಳು. ನಾನು ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತೆ.

ಬೇಸಿಗೆ ಕಳೆದು ಮತ್ತೆ ನೋಯ್ಡಾಕ್ಕೆ ಹೋಗತೊಡಗಿದೆವು. ಅದೇ ಯಂತ್ರ, ಅದೇ ಮೊಲ. ಲೀಲಮ್ಮ ಮಾತ್ರ ಬರಲಿಲ್ಲ. ಮನೆಯಲ್ಲಿ ಕೆಲಸವಿದೆ ಎಂದಳು. ಅದಿತಿ ಈಗ ಯಂತ್ರದೊಳಗೆ ನಗುತ್ತಿರಲಿಲ್ಲ. "ಶಾಬಾಶ್" ಎನ್ನುವ ದನಿಯನ್ನು ನಿಲ್ಲಿಸಿ ಎಂದು ತಾನೇ ಸಂದೀಪನಿಗೆ ಹೇಳಿದಳು. ಅವನು ನಿಲ್ಲಿಸಿದ. ಪ್ರತಿ ಸಲವೂ ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು: ಇವತ್ತು ಯಂತ್ರ ಎಷ್ಟು ಮಾಡಿತು, ನಾನು ಎಷ್ಟು ಮಾಡಿದೆ? ಸಂದೀಪ್ ಸುಳ್ಳು ಹೇಳುತ್ತಿರಲಿಲ್ಲ. ಸ್ವಲ್ಪ ನೀನು, ಜಾಸ್ತಿ ಅದು ಎನ್ನುತ್ತಿದ್ದ. ಮಳೆಗಾಲ ಮುಗಿಯುವ ಹೊತ್ತಿಗೆ, ಅರ್ಧ ನೀನು ಎಂದ. ದಸರಾ ರಜೆಯ ಮುಂಚೆ ಯಂತ್ರದ ಕಾಲನ್ನು ಬಿಚ್ಚಿ, ಅಟ್ಟೆ ಎತ್ತರಿಸಿದ ಬೂಟು ಹಾಕಿಸಿ, ಎರಡು ಕಂಬಿಗಳ ನಡುವೆ ನಿಲ್ಲಿಸಿದ. ಇನ್ನು ಮನೆಯಲ್ಲೂ ನಿಲ್ಲಬಹುದು, ಡಾಕ್ಟರೂ ಒಪ್ಪಿದ್ದಾರೆ, ಕೈಗೆ ಆಸರೆ ಇರಲಿ ಎಂದ.

ಮನೆಯಲ್ಲಿ ಅವಳು ನಿಲ್ಲಲಿಲ್ಲ. ಲೀಲಮ್ಮ ಎದುರಿಗೆ ಬಂದರೆ ಸಾಕು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕಾಲ ಮೇಲೆ ಶಾಲು ಎಳೆದುಕೊಳ್ಳುತ್ತಿದ್ದಳು. ನಮಗೆ ಅದು ಹಟ ಅನ್ನಿಸಿತು, ಭಯ ಅನ್ನಿಸಿತು. ಬಲವಂತ ಮಾಡಬಾರದೆಂದು ಸುಮ್ಮನಿದ್ದೆವು.

ಒಂದು ಮಧ್ಯಾಹ್ನ ಪೇಪರು ಓದುತ್ತಾ ತೂಕಡಿಸುತ್ತಿದ್ದ ನನಗೆ ಬೂಟಿನ ಸದ್ದು ಕೇಳಿಸಿತು. ಕಣ್ಣು ಬಿಟ್ಟೆ. ಅದಿತಿ ಕುರ್ಚಿಯಿಂದ ಎದ್ದು ಬಾಲ್ಕನಿಯ ಬಾಗಿಲ ಕಡೆ ಹೋಗುತ್ತಿದ್ದಳು. ಗೋಡೆಯ ಹತ್ತಿರವೇ ಹೋಗುತ್ತಿದ್ದರೂ ಗೋಡೆ ಮುಟ್ಟಿರಲಿಲ್ಲ. ಬಾಯಲ್ಲಿ ಯಾವ ಸದ್ದೂ ಇರಲಿಲ್ಲ. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಆದರೆ ಎಳೆಯುತ್ತಿದ್ದದ್ದು ಅವಳೇ. ಇದೇ ಹೆಜ್ಜೆ, ಇದು ನಿಜವಾದದ್ದು ಎಂದು ಪೇಪರು ಕೆಳಗಿಟ್ಟೆ. "ಲೀಲಾ" ಎಂದು ಕೂಗಲು ಬಾಯಿ ತೆರೆದೆ. ಅದಿತಿ ತಿರುಗಿ ನೋಡಿದಳು. ಅವಳ ಮುಖ ಬಿಳಿಚಿಕೊಂಡಿತು. ತುಟಿಯ ಮೇಲೆ ಬೆರಳಿಟ್ಟಳು.

"ತಾತಾ, ಅಜ್ಜಿಗೆ ಹೇಳ್ಬೇಡ. ಪ್ಲೀಸ್." ಅಷ್ಟನ್ನು ಅವಳು ಕನ್ನಡದಲ್ಲೇ ಹೇಳಿದಳು. ಆಮೇಲೆ ಪಿಸುಗುಟ್ಟಿದಳು, "ಫಿರ್ ಸೇ ಕಜ್ಜಾಯ ಬನಾ ದೇಂಗೀ. ಸಬ್ ಆ ಜಾಯೇಂಗೇ."

ಅಜ್ಜಿ ಮತ್ತೆ ಕಜ್ಜಾಯ ಮಾಡಿಬಿಡುತ್ತಾಳೆ, ಎಲ್ಲರೂ ಬಂದುಬಿಡುತ್ತಾರೆ ಎಂಬ ಭಯ ಅವಳಿಗೆ. ನಾನು ಹೂಂ ಎಂದೆ. ಅವಳ ಹೆಗಲಾಚೆ, ಅಡುಗೆಮನೆಯ ಪರದೆಯ ಹಿಂದೆ, ಲೀಲಮ್ಮ ಹಾಲಿನ ಲೋಟ ಹಿಡಿದು ನಿಂತಿದ್ದಳು. ಎಲ್ಲ ನೋಡಿದ್ದಳು, ಎಲ್ಲ ಕೇಳಿದ್ದಳು. ನನ್ನ ಕಡೆ ನೋಡಿ, ಸದ್ದಾಗದಂತೆ ಹಿಂದಕ್ಕೆ ಹೆಜ್ಜೆ ಇಟ್ಟು ಮರೆಯಾದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ ಲೋಟಕ್ಕೆ ಚಮಚ ಬಡಿಯುವ ಸದ್ದು ಕೇಳಿಸಿತು. "ಅದಿತೀ, ಹಾಲು ತರ್ತಿದೀನಮ್ಮಾ" ಎಂದು ಗಟ್ಟಿಯಾಗಿ ಕೂಗಿದಳು. ಅದಿತಿ ಅವಸರ ಅವಸರವಾಗಿ ಕುರ್ಚಿಗೆ ಮರಳಿ, ಶಾಲು ಎಳೆದುಕೊಂಡಳು. ಆಮೇಲೆಯೇ ಲೀಲಮ್ಮ ಹೊರಗೆ ಬಂದದ್ದು.

ಮಗುವಿಗೆ ಹೇಳಿಬಿಡು, ನಾನು ನೋಡಿದೆ, ಕಜ್ಜಾಯ ಮಾಡುವುದಿಲ್ಲ ಎಂದು ಹೇಳಿಬಿಡು ಎಂದು ನಾನು ಲೀಲಮ್ಮನಿಗೆ ಎಷ್ಟೋ ಬಾರಿ ಹೇಳಿದೆ. ಅವಳು ಒಪ್ಪಲಿಲ್ಲ. "ನಾನು ನೋಡ್ತಿದೀನಿ ಅಂತ ಗೊತ್ತಾದ್ರೆ ಅವಳ ಕಾಲು ನಿಂತುಹೋಗತ್ತೆ ಕಣ್ರೀ. ನಡೀಲಿ ಬಿಡಿ. ನನ್ನ ಕಣ್ಣಿಗೆ ಬೀಳದಿದ್ರೂ ಪರವಾಗಿಲ್ಲ" ಎಂದಳು. ಹಾಗೆ ಹೇಳುವಾಗ ಅವಳು ಕಾಲು ಚಾಚಿ ಕೂತು, ಉಳಿದುಹೋಗಿದ್ದ ಕರೋಲ್ ಬಾಗಿನ ಬೆಲ್ಲವನ್ನು ಇರುವೆ ಮುತ್ತಿದೆಯೆಂದು ಕವರಿಗೆ ಸುರಿಯುತ್ತಿದ್ದಳು, ಎಸೆಯುವುದಕ್ಕೆ.

ಈಗ ಅದಿತಿ ಬಾಲ್ಕನಿಯ ತನಕ ಹೋಗಿ ಕೆಳಗೆ ಆಡುವ ಮಕ್ಕಳನ್ನು ನೋಡಿ ಬರುತ್ತಾಳೆ. ನಾನು ನೋಡಿದ್ದೇನೆ, ಅವಳ ಅಪ್ಪ ಅಮ್ಮ ನೋಡಿದ್ದಾರೆ, ಹಾಲು ಹಾಕುವ ಭಯ್ಯಾ ಸಹ ನೋಡಿದ್ದಾನೆ. ಮನೆಯಲ್ಲಿ ಲೀಲಮ್ಮ ಒಬ್ಬಳೇ ನೋಡಿಲ್ಲ ಎಂದು ಲೆಕ್ಕ. ಅಡುಗೆಮನೆಯಿಂದ ಬರುವ ಮುಂಚೆ ಅವಳು ಲೋಟಕ್ಕೆ ಚಮಚ ಬಡಿಯುತ್ತಾಳೆ, ಮಗು ಕೂತುಕೊಳ್ಳುವಷ್ಟು ಹೊತ್ತು ಪರದೆಯ ಹಿಂದೆ ಕಾಯುತ್ತಾಳೆ, ಆಮೇಲೆ ಬಂದು ಹಾಲು ಕೊಟ್ಟು ಎದುರಿಗೆ ಕೂರುತ್ತಾಳೆ.

"ಇವತ್ತಾದ್ರೂ ಕಾಲಿಗೆ ಸ್ವಲ್ಪ ಶಕ್ತಿ ಬಂದ ಹಾಗಿದೆಯಾ ಪುಟ್ಟಾ?"

"ಅಭೀ ನಹೀಂ, ಅಜ್ಜಿ."

"ಅಚ್ಛಾ" ಎನ್ನುತ್ತಾಳೆ ಲೀಲಮ್ಮ. "ಬರತ್ತೆ ಬಿಡು, ಅವಸರ ಇಲ್ಲ. ಹಾಲು ಕುಡಿ."